ಏಳನೇ ಕಂಬಕ್ಕೆ ಕಟ್ಟಿದ ಗೋಣಿ

ಕಂಬಕ್ಕೆ ಯಾರೋ ಸೂಜಿ ಚುಚ್ಚುತ್ತಿದ್ದರು.

ಭಗವಂತ ಹೆಗಲ ಮೇಲಿನ ಉಳಿ-ಸುತ್ತಿಗೆಯ ಚೀಲ ಇಳಿಸದೆ ಹಾಗೇ ನಿಂತು ನೋಡಿದ. ದಂಡೋತಿ ಊರ ಹೊರಗೆ, ಕಾಗಿಣಾ ಹೊಳೆಯ ದಂಡೆಯ ಮೇಲಿನ ಹನ್ನೆರಡು ಕಂಬದ ಹಳೇ ಛತ್ರ ಅದು, ಊರವರ ಬಾಯಲ್ಲಿ ಸರಾಯಿ. ಹಿಂದೆ ಅಲ್ಲಿ ದಾರಿಹೋಕರು ತಂಗುತ್ತಿದ್ದರಂತೆ. ಈಗ ಆಡುಗಳು ತಂಗುತ್ತಿದ್ದವು. ಕಂಬಗಳ ತುಂಬ ಯಾರ‍್ಯಾರೋ ಪ್ರೇಮಿಗಳ ಹೆಸರು, ಬಾಣ ಚುಚ್ಚಿದ ಹೃದಯ. ಅವರೆಲ್ಲ ಕೈಗೆ ಸಿಕ್ಕರೆ ಒಬ್ಬೊಬ್ಬರ ಹಣೆಯ ಮೇಲೂ ಉಳಿಯಿಂದ ಅದೇ ಹೆಸರು ಕೊರೆಯಬೇಕು ಎಂದು ಭಗವಂತನಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ನಾಲ್ಕನೇ ಕಂಬದ ಮುಂದೆ ಒಬ್ಬ ಹುಡುಗಿ ಮೊಣಕಾಲೂರಿ ಕೂತಿದ್ದಳು. ಓಢಣಿಯನ್ನು ಸೊಂಟಕ್ಕೆ ಬಿಗಿದು, ದವಾಖಾನೆಯ ಸಿರಿಂಜಿನಿಂದ ಕಲ್ಲಿನ ಬಿರುಕಿಗೆ ಏನೋ ಬಿಳಿ ನೀರು ಬಿಡುತ್ತಿದ್ದಳು. ಗಾಳಿ ಇತ್ತ ತಿರುಗಿತು. ವಾಸನೆ ಮೂಗಿಗೆ ಬಡಿಯಿತು. ಭಗವಂತನ ಸಿಟ್ಟು ನೆತ್ತಿಗೇರಲು ಅಷ್ಟು ಸಾಕಾಯಿತು.

“ಏನ್ರೀ, ಕಂಬಕ್ಕ ದಾರೂ ಕುಡಸ್ಲಿಕತ್ತೀರೇನು?”

ಹುಡುಗಿ ತಿರುಗಿಯೂ ನೋಡಲಿಲ್ಲ. “ಹೌದ್ರಿ. ಪಾಪ, ಭಾಳ ದಿನದಿಂದ ಕೈಕಾಲು ನಡಗ್ಲಿಕತ್ತಿದ್ವು. ಸ್ವಲ್ಪ ಕೊಟ್ರ ಗಟ್ಟಿ ನಿಂದರ್ತದ.”

“ಮಸ್ಕಿರಿ ಬ್ಯಾಡ. ನಾ ಇಲ್ಲಿ ನೆಲಕ್ಕ ಫರಸಿ ಕಲ್ಲು ಕೂಡಸ್ಲಿಕ್ಕ ಬಂದಾಂವ. ನನ್ನ ಕಣ್ಣ ಮುಂದ ಹಳೇ ಕಲ್ಲು ಹಾಳ ಮಾಡಿದ್ರ ಸುಮ್ಮ ಇರಂಗಿಲ್ಲ.”

“ಹಂಗಾದ್ರ ನೀವು ಫರಸಿ ನೋಡ್ಕೋರಿ. ಕಂಬ ನಂದು.”

“ಕಂಬ ಏನು ನಿಮ್ಮಪ್ಪಂದೇನ್ರೀ?”

ಆಗ ತಿರುಗಿದಳು. ಎಡಗಡೆಯ ಹುಬ್ಬಿನ ಮೇಲೆ ಕಲ್ಲಿನ ಪುಡಿ ಕೂತು, ಅದೊಂದು ಹುಬ್ಬಿಗೆ ಮಾತ್ರ ಮುಪ್ಪು ಬಂದಂತಿತ್ತು. ಅದರ ಕೆಳಗಿನ ಕಣ್ಣಿಗೆ ಇಪ್ಪತ್ತೈದೋ ಇಪ್ಪತ್ತಾರೋ. ಸಿಟ್ಟಿಗೆ ಸಿಟ್ಟು ತಿರುಗಿಸಿ ಕೊಡುವ, ಅದರ ಹಿಂದೆಯೇ ನಗು ಬಚ್ಚಿಟ್ಟುಕೊಂಡ ಕಣ್ಣು.

“ನಮ್ಮಪ್ಪಂದು ಇದ್ದಿದ್ರ ಇಷ್ಟು ಹಾಳಾಗ್ಲಿಕ್ಕ ಬಿಡ್ತಿದ್ದಿಲ್ಲ. ಬರ‍್ರಿ ಇಲ್ಲಿ. ಕೈ ಕೊಡ್ರಿ.”

ಕೊಡುವ ಮೊದಲೇ ಹಿಡಿದಳು. ಅವನ ಹೆಬ್ಬೆರಳಿನ ಉಗುರನ್ನು ಕಂಬಕ್ಕೆ ಒತ್ತಿ ಎಳೆದಳು. ಗೆರೆ ಬಿತ್ತು. ಜೋಳದ ಹಿಟ್ಟಿನಂತೆ ಪುಡಿ ಸುರಿಯಿತು.

ಹದಿಮೂರನೇ ವಯಸ್ಸಿನಿಂದ ಶಹಾಬಾದಿನ ಕಲ್ಲು ಒಡೆದ ಕೈ ಅದು. ಕಲ್ಲು ತನ್ನ ಉಗುರಿಗೆ ಸೋತದ್ದನ್ನು ಭಗವಂತ ಎಂದೂ ಕಂಡಿರಲಿಲ್ಲ. ತನ್ನ ಕೈ ಇನ್ನೂ ಅವಳ ಕೈಯೊಳಗಿದೆ ಎಂಬುದು ಆಮೇಲೆ ಗೊತ್ತಾಯಿತು. ಅವಳಿಗೂ ಆಗಲೇ ಗೊತ್ತಾಗಿರಬೇಕು. ಬಿಸಿ ಪಾತ್ರೆ ಬಿಟ್ಟಂತೆ ಬಿಟ್ಟಳು.

ಅವಳ ಹೆಸರು ಸಂಘಮಿತ್ರಾ. ಊರು ವಾಡಿ. ಅಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವವರು. ಅವಳು ಗುಲಬರ್ಗಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಸವೆದು ಪುಡಿಯಾಗುವ ಹಳೇ ಕಟ್ಟಡದ ಕಲ್ಲಿಗೆ ಮತ್ತೆ ಬಲ ತುಂಬುವ ಔಷಧ ಕಂಡುಹಿಡಿಯುವುದು ಅವಳ ಕೆಲಸ.

“ದಾರೂ ಅಲ್ರಿ ಇದು, ಸ್ಪಿರಿಟ್. ಇದರಾಗ ಸುಣ್ಣ ಮತ್ತ ಸಿಲಿಕಾದ ಕಣ ಕಲಸೀನಿ. ತಲಿಕೂದಲಾ ಉದ್ದಕ ಸಾವಿರ ಸಲ ಸೀಳಿದ್ರ ಎಷ್ಟು ಸಣ್ಣ ಆಗ್ತದ, ಅಷ್ಟು ಸಣ್ಣ. ನ್ಯಾನೋ ಅಂತಾರ.”

“ನ್ಯಾನೋ ಅಂದ್ರ ಕಾರಲ್ಲೇನ್ರಿ? ಪೇಪರಿನ್ಯಾಗ ಬಂದಿತ್ತು.”

“ಅದೂ ಸಣ್ಣದು, ಇದೂ ಸಣ್ಣದು. ಇದರಾಗ ಕುಂತು ಚಿತ್ತಾಪುರಕ್ಕ ಹೋಗ್ಲಿಕ್ಕ ಬರಂಗಿಲ್ಲ, ಅಷ್ಟ.”

ಭಗವಂತನಿಗೆ ನಗು ಬಂತು. ಸಿಟ್ಟು ನೆನಪಾಗಿ ನುಂಗಿಕೊಂಡ.

“ಸುಸಲಾ ತಿಂದೀರಿಲ್ಲ?” ಎಂದಳು ಅವಳು. “ನೆನಸಿದ ಚುರುಮುರಿ ನಡುವ ಪುಠಾಣಿ ಹಿಟ್ಟು ಹೆಂಗ ಹೋಗಿ ಕುಂದರ್ತದ, ಹಂಗ ಈ ಕಣ ಕಲ್ಲಿನ ಹೊಟ್ಟಿಯೊಳಗ ಹೋಗಿ ಕುಂದರ್ತಾವ. ಸ್ಪಿರಿಟ್ ಆರಿ ಹೋಗ್ತದ. ಸುಣ್ಣ ಅಲ್ಲೇ ಉಳದು, ಗಾಳಿ ಕುಡದು, ಮತ್ತ ಕಲ್ಲಾಗ್ತದ.”

“ಆಗದಿದ್ರ?”

ಅವಳು ಮೂಲೆಯತ್ತ ಕೈ ತೋರಿಸಿದಳು. ತಾಡಪತ್ರಿ ಹೊದ್ದು ಸಿಮೆಂಟಿನ ಚೀಲಗಳು ಕೂತಿದ್ದವು. ಏಪ್ರಿಲ್ ಇಪ್ಪತ್ತೇಳರ ಸೋಮವಾರ ಪುರಾತತ್ವ ಇಲಾಖೆಯ ಇಂಜಿನಿಯರ್ ಬರುತ್ತಾರೆ. ನಾಲ್ಕನೇ ಕಂಬ, ಏಳನೇ ಕಂಬ, ಎರಡೇ ಅವಳ ಪರೀಕ್ಷೆಗೆ ಬಿಟ್ಟವು. ಅವು ಗಟ್ಟಿಯಾಗಿದ್ದರೆ ಸರಿ. ಇಲ್ಲದಿದ್ದರೆ ಗುತ್ತೇದಾರ ಹನ್ನೆರಡಕ್ಕೂ ಸಿಮೆಂಟು ಮೆತ್ತುತ್ತಾನೆ, ಅವಳು ಸಿರಿಂಜು ಎತ್ತಿಕೊಂಡು ಗುಲಬರ್ಗಾಕ್ಕೆ ಹೋಗುತ್ತಾಳೆ.

“ಸಿಮೆಂಟ್ ಮೆತ್ತಿದ್ರ ಹಳೇ ಕಲ್ಲು ಒಳಗಿಂದೊಳಗ ಕೊಳೀತದ,” ಎಂದ ಭಗವಂತ.

“ಗೊತ್ತದೇನ್ರಿ ನಿಮಗ?” ಅವಳ ಹುಬ್ಬು ಮೇಲೇರಿತು.

“ನನಗ ಕಲ್ಲು ಗೊತ್ತದ.”

ಅವನಿಗೆ ಗೊತ್ತಿದ್ದುದು ಕಲ್ಲು, ಸಿಟ್ಟು, ಎರಡೇ. ಎಂಟನೇ ಇಯತ್ತೆಯಲ್ಲಿ ಮಾಸ್ತರರೊಬ್ಬರು ‘ಕಲ್ಲು ಒಡೆಯೋನ ಮಗನಿಗೆ ಬೀಜಗಣಿತ ಯಾಕೆ’ ಎಂದು ಇಡೀ ವರ್ಗದ ಮುಂದೆ ನಕ್ಕರು. ಭಗವಂತ ಪಾಟೀಚೀಲವನ್ನು ಕಿಟಕಿಯಿಂದ ಹೊರಗೆ ಒಗೆದು, ಅದರ ಹಿಂದೆಯೇ ತಾನೂ ಜಿಗಿದು ಬಂದ. ಮತ್ತೆ ಹೋಗಲಿಲ್ಲ. ಹದಿಮೂರು ವರ್ಷವಾದರೂ ಆ ನಗು ಕಿವಿಯಿಂದ ಇಳಿದಿರಲಿಲ್ಲ.

*

ಮರುದಿನ ಅವನು ಸುತ್ತಿಗೆಯ ಹಿಡಿಯಿಂದ ಕಂಬವನ್ನು ಮೆಲ್ಲಗೆ ತಟ್ಟಿದ. ಒಂದು ಕಡೆ ಠಣ್ ಎಂದಿತು. ಗೇಣು ಕೆಳಗೆ, ಬೊದ್.

“ನೀವು ಔಷಧ ಕೊಡ್ಲಿಕತ್ತಿದ್ದು ಗಟ್ಟಿ ಜಾಗಕ್ಕ, ಮೇಡಮ್ಮೋರೇ. ರೋಗ ಇರೋದು ಇಲ್ಲಿ.”

ಅವಳು ತನ್ನ ಬೆರಳಿನ ಗೆಣ್ಣಿನಿಂದ ತಟ್ಟಿದಳು. ಕಂಬಕ್ಕೆ ಕಿವಿ ಹಚ್ಚಿದಳು. ಕಣ್ಣು ದೊಡ್ಡದಾದವು. “ಇನ್ನೊಮ್ಮೆ ತಟ್ರಿ. ಇಲ್ಲಿ? ಇಲ್ಲಿ?”

ಅಂದಿನಿಂದ ಅದೊಂದು ಪದ್ಧತಿಯಾಯಿತು. ಅವನು ತಟ್ಟುವುದು, ಅವಳು ಸೀಮೆಸುಣ್ಣದಿಂದ ಗುರುತು ಹಾಕುವುದು. ಟೊಳ್ಳಿದ್ದಲ್ಲಿ ಒಂದು ದುಂಡು. ಗಟ್ಟಿ ಇದ್ದಲ್ಲಿ ಒಂದು ಅಡ್ಡಗೆರೆ. ದುಂಡು ಬಿದ್ದಲ್ಲೆಲ್ಲ ಸಿರಿಂಜು. ಕಂಬದ ಒಂದು ಮಗ್ಗುಲಿಗೆ ಅವನ ಕಿವಿ, ಇನ್ನೊಂದು ಮಗ್ಗುಲಿಗೆ ಅವಳ ಕಿವಿ, ನಡುವೆ ಅಷ್ಟು ದಪ್ಪ ಕಲ್ಲು. ಆದರೂ ಭಗವಂತನಿಗೆ ಅವಳ ಉಸಿರು ಕೇಳಿದಂತಾಗುತ್ತಿತ್ತು.

ಸರಾಯಿಯ ಬೀಗದ ಕೈ ಅಖ್ತರ ಬೇಗಂ ಬಳಿ ಇರುತ್ತಿತ್ತು. ಬೇವಿನ ಗಿಡದ ಕೆಳಗೆ ಚಹಾ ಮಾರುವ ಮುದುಕಿ. ಕಣ್ಣು ಮಂಜಾದರೂ ಕಾಣಬೇಕಾದ್ದೆಲ್ಲ ಕಾಣುತ್ತಿತ್ತು.

“ಅರೆ ಬೇಟಾ, ನಿನ್ನ ಫರಸಿ ಕೆಲಸ ನೆಲದ ಮ್ಯಾಲಲ್ಲ? ಕಂಬದ ಮ್ಯಾಲ ಯಾವಾಗಿಂದ ಫರಸಿ ಕೂಡಸ್ಲಿಕ್ಕ ಹತ್ತೀರಿ?”

“ಚಹಾ ಕೊಡ್ರಿ ಖಾಲಾ, ಭಾಷಣ ಬ್ಯಾಡ.”

“ಚಹಾ ಎರಡೋ ಒಂದೋ?”

“ಎರಡು.”

“ಅದ ಮತ್ತ!” ಎಂದು ಮುದುಕಿ ನಕ್ಕಳು.

ಬೆಳಗಿನ ಬಸ್ಸಿಗೆ ಭಗವಂತ ಶಹಾಬಾದಿನಲ್ಲಿ ಹತ್ತುತ್ತಿದ್ದ, ಅವಳು ವಾಡಿಯಲ್ಲಿ. ವಾಡಿಗೆ ಬರುವಷ್ಟರಲ್ಲಿ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಎರಡನೇ ವಾರದ ಒಂದು ದಿನ ಅವಳು ಜನರ ನಡುವೆ ತೂರಿಕೊಂಡು ಬಂದು, ಅವನ ಪಕ್ಕದ ಸೀಟಿನ ಮೇಲೆ ಹಾಸಿದ್ದ ಟವೆಲನ್ನು ನೋಡಿದಳು.

“ಇದು ಯಾರದ್ರಿ?”

“ನಂದೇ. ಗಾಳಿಗೆ ಹಾರಿ ಬಿದ್ದದ.”

“ನಿನ್ನಿನೂ ಹಾರಿ ಬಿದ್ದಿತ್ತು. ಮೊನ್ನಿನೂ.”

“ಈ ಕಡಿ ಗಾಳಿ ಭಾಳ್ರಿ.”

ಅವಳು ಟವೆಲನ್ನು ನಾಲ್ಕು ಮಡಿಕೆ ಮಾಡಿ ಅವನ ಮಡಿಲಲ್ಲಿಟ್ಟು ಕೂತಳು. ಚಿತ್ತಾಪುರ ಬರುವವರೆಗೆ ಅವಳು ಕಿಟಕಿಯತ್ತ ತಿರುಗಿ ನಗುತ್ತಿದ್ದಳು. ಕಿಟಕಿಯ ಗಾಜಿನಲ್ಲಿ ಅದು ಅವನಿಗೆ ಕಾಣುತ್ತಿತ್ತು. ಅವನಿಗೆ ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಮುಗಿಸಿ ಕೂತಾಗ ಅವಳು ಸುತ್ತಿಗೆಯ ಹಿಡಿಯಿಂದ ತನ್ನ ತಲೆಯನ್ನೇ ತಟ್ಟಿಕೊಂಡಳು. “ಮನಷ್ಯಾರದೂ ಗೊತ್ತಾಗ್ತದೇನ್ರಿ ನಿಮಗ? ಟೊಳ್ಳೋ ಗಟ್ಟಿಯೋ?”

“ನಿಮ್ಮದು ಗಟ್ಟಿ. ಪಿಎಚ್‌ಡಿ ತುಂಬೇದ.”

“ಮತ್ತ ಇಲ್ಲಿ?” ಅವನ ಅಂಗಿಯ ಜೇಬಿನ ಮೇಲೆ ಸೀಮೆಸುಣ್ಣದ ತುದಿಯಿಂದ ಎರಡು ಸಲ ತಟ್ಟಿದಳು.

“ಟೊಳ್ಳು,” ಎಂದ. ತಮಾಷೆಗೆ ಅಂದದ್ದು, ದನಿ ತಮಾಷೆಯದಾಗಿ ಬರಲಿಲ್ಲ. “ಸಿಟ್ಟು ಬಿಟ್ರ ಇಲ್ಲೇನೂ ಇಲ್ರಿ.”

ಅವಳು ಅವನ ಮುಖ ನೋಡಿದಳು. ಜೇಬಿನ ಮೇಲೆ ಸಣ್ಣದೊಂದು ದುಂಡು ಬರೆದಳು. “ಔಷಧ ಬೇಕು ಹಂಗಾದ್ರ,” ಎಂದಳು, ಮೆಲ್ಲಗೆ.

ಆ ಅಂಗಿಯನ್ನು ಅವನು ಒಗೆಯಲು ಕೊಡಲಿಲ್ಲ. ಅವ್ವ ಲಾಲಮ್ಮ ಮೂರು ದಿನ ಕೇಳಿದಳು, ನಾಲ್ಕನೇ ದಿನ ಗದರಿದಳು. “ಯಾಕಲೇ ಭಗವಾ, ಬೆವರು ನಾರ್ತದ ಅಂಗಿ. ಜೇಬಿಗೆ ಸುಣ್ಣ ಹತ್ತೇದ. ಕೊಡಲೇ ಇಲ್ಲಿ!”

“ಇರ‍್ಲಿ ಬಿಡ ಯವ್ವ. ಅದು ಕೆಲಸದ ಗುರುತು.”

“ಎಂಥಾ ಕೆಲಸನೋ, ಯಾರ ಗುರುತೋ,” ಎಂದಳು ಲಾಲಮ್ಮ. ಮತ್ತೆ ಕೇಳಲಿಲ್ಲ.

*

ಏಪ್ರಿಲ್ ಎಂಟರಂದು ಎರಡೂ ಕಂಬಗಳಿಗೆ ಕೊನೆಯ ಸುತ್ತು ಔಷಧವಾಯಿತು. ಸಂಘಮಿತ್ರಾ ಹೈದರಾಬಾದಿಗೆ ಹೊರಟಳು. ಕಲ್ಲಿನ ಚೂರುಗಳನ್ನು ಅಲ್ಲಿನ ದೊಡ್ಡ ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಅದಕ್ಕೆ ಸರದಿ ಸಿಗುವುದೇ ಕಷ್ಟ. ಹನ್ನೆರಡು ದಿನದ ಮಾತು.

“ಕಂಬ ನೋಡ್ಕೋರಿ,” ಎಂದಳು. “ಆದ್ರ ಮುಟ್ಟಬ್ಯಾಡ್ರಿ. ಯಾರಿಗೂ ಮುಟ್ಟಗೊಡಬ್ಯಾಡ್ರಿ.”

“ಟವೆಲ್?”

“ಹನ್ನೆರಡು ದಿನ ಗಾಳಿ ಬೀಸಂಗಿಲ್ಲ ಅಂತ ಹೇಳ್ರಿ ಅದಕ್ಕ.” ಆದರೂ ಬಸ್ಸಿನ ಮೆಟ್ಟಿಲಿನಿಂದ ಒಮ್ಮೆ ತಿರುಗಿ ನೋಡಿದಳು.

ಮರುದಿನ ಬಿಸಿಲು ನೆಲಕ್ಕೆ ಬೆಂಕಿ ಹಚ್ಚಿತು. ಫರಸಿಯ ಮೇಲೆ ಬರಿಗಾಲು ಇಡುವಂತಿರಲಿಲ್ಲ. ಪಡುವಣ ಗಾಳಿ ನೇರ ಏಳನೇ ಕಂಬಕ್ಕೇ ಹೊಡೆಯುತ್ತಿತ್ತು. ಭಗವಂತ ಎದುರಿಗೆ ಕೂತು ನೋಡಿದ. ಒಳಗೆ ಸುಣ್ಣ ಇದೆ. ಹಸಿ ಸುಣ್ಣ. ಗಾರೆಯಾಗಲಿ ಗಿಲಾಯಿಯಾಗಲಿ, ಗೋಡೆಗೆ ಹಚ್ಚಿ ಹಾಗೇ ಬಿಸಿಲಿಗೆ ಬಿಟ್ಟು ಬಂದ ಕೆಲಸಗಾರನಿಗೆ ಈ ಸೀಮೆಯಲ್ಲಿ ಕೆನ್ನೆಗೆ ಬೀಳುತ್ತದೆ. ವಾರಗಟ್ಟಲೆ ನೀರು ಕೊಡಬೇಕು, ಹಸಿ ಗೋಣಿ ಹೊದಿಸಬೇಕು. ಇದನ್ನು ಅವನಿಗೆ ಯಾವ ಮಾಸ್ತರನೂ ಕಲಿಸಿರಲಿಲ್ಲ, ಅದಕ್ಕೇ ಮರೆತಿರಲಿಲ್ಲ.

ಆದರೆ ಮುಟ್ಟಬೇಡಿ ಅಂದಿದ್ದಾಳೆ.

ನಾಲ್ಕು ಬಿದಿರು ಕಡಿದು ತಂದ. ಕಂಬದಿಂದ ಸರಿಯಾಗಿ ಒಂದು ಗೇಣು ದೂರ, ಸುತ್ತ ಚೌಕಟ್ಟು ನಿಲ್ಲಿಸಿದ. ಗೋಣಿ ಕೇಳಲು ಅಖ್ತರ ಬೇಗಂ ಹತ್ತಿರ ಹೋದ.

“ಕಂಬಕ್ಕ ಪಡದಾ ಕಟ್ತೀಯೇನೋ ಬೇಟಾ? ಆಕಿ ಬರೋತನ ಯಾರೂ ನೋಡಬಾರದಂತೇನು?”

“ಬಿಸಲು ಹತ್ತಬಾರದಂತ, ಖಾಲಾ.”

“ಕಂಬಕ್ಕೋ ನಿನಗೋ?” ಎಂದರೂ ಮುದುಕಿ ಜೋಳದ ಚೀಲ ಖಾಲಿ ಮಾಡಿ ನಾಲ್ಕು ಕೊಟ್ಟಳು. ನಾಲ್ಕರಿಂದ ಒಂದೇ ಕಂಬಕ್ಕಾಯಿತು. ಗಾಳಿಗೆ ಎದೆ ಕೊಟ್ಟ ಏಳನೆಯದಕ್ಕೇ ಕಟ್ಟಿದ. ಚೀಲ ಸೀಳಿ, ದಬ್ಬಣದಿಂದ ಹೊಲಿದು, ಹೊರಗಿನಿಂದ ನೀರು ಚಿಮುಕಿಸಿದ. ಗೋಣಿ ತೊಯ್ದು ಕಪ್ಪಾಯಿತು. ಒಳಗೆ ಕೈಯಿಟ್ಟರೆ ಬಾವಿಯೊಳಗೆ ಇಳಿದಂತೆ ತಂಪು. ಕಂಬಕ್ಕೆ ಮಾತ್ರ ಒಂದು ಹನಿಯೂ ತಾಕಿರಲಿಲ್ಲ.

ದಿನಕ್ಕೆ ಮೂರು ಸಲ ಕಾಗಿಣಾದ ಮಡುವಿನಿಂದ ಕೊಡ ಹೊತ್ತ. ಬೆಳಗಿನ ಬಸ್ಸಿನಲ್ಲಿ ಕೈ ತಾನಾಗಿ ಟವೆಲ್ ಹಾಸುತ್ತಿತ್ತು. ಕಂಡಕ್ಟರ್ ಖಾಲಿ ಸೀಟು ನೋಡಿ, “ಎಲ್ಲಿ ಹೋದ್ರೋ ನಿನ್ನ ಮೇಡಮ್ಮು?” ಎಂದರೆ, ಎಂದೂ ಸಿಟ್ಟಿಗೇಳದವನ ಹಾಗೆ ಟವೆಲ್ ಮಡಚಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದ.

*

ಇಪ್ಪತ್ತರಂದು ಅವಳು ಬಂದಳು. ರಾತ್ರಿಯ ರೈಲಿನ ಧೂಳು, ನಿದ್ದೆಗೆಟ್ಟ ಕಣ್ಣು. ಭಗವಂತ ಮುಂದೆ ಮುಂದೆ ನಡೆದ, ಹೊಸ ಮನೆ ತೋರಿಸುವವನ ಹಾಗೆ.

“ಇದೇನಿದು?”

“ಹಸಿ ಗೋಣಿ ಕಟ್ಟೀನ್ರಿ. ಹನ್ನೆರಡು ದಿನ ಬಿಡದಂಗ ನೀರು ಕೊಟ್ಟೀನಿ.”

ಅವಳ ಮುಖದ ರಕ್ತ ಇಳಿಯಿತು. “ನೀರು? ಅಲ್ರೀ, ಔಷಧ ನೀರಾಗ ಕಲಸದ ಸ್ಪಿರಿಟಿನ್ಯಾಗ ಯಾಕ ಕಲಸ್ತೀನಿ ಅನ್ಕೊಂಡೀರಿ? ನೀರು ತಾಕಬಾರದಂತ! ನೀರು ಬಂದ್ರ ಕಣ ಎಲ್ಲಾ ಹೊರಗ ಬಂದು ಬೆಳ್ಳಗ ಕುಂದರ್ತಾವ!”

“ಕಂಬ ಮುಟ್ಟಿಲ್ರಿ ನಾ. ಗೇಣು ದೂರ—”

“ಏಳು ದಿನ ಉಳದಾವ! ಏಳೇ ದಿನ! ನಾಲ್ಕು ವರ್ಷದ ಕೆಲಸ ನಂದು. ಇನ್ನೆರಡು ವರ್ಷ ಸಾಲಿಗೆ ಹೋಗಿದ್ರ ಹಿಂಗ ಮಾಡ್ತಿದ್ದಿಲ್ಲ ನೀವು!”

ಬೇವಿನ ಕೆಳಗೆ ಚಹಾದ ಕಿಟ್ಲಿ ಕುದಿಯುತ್ತಿತ್ತು. ಸಂಘಮಿತ್ರಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಹದಿಮೂರು ವರ್ಷದ ಹಿಂದಿನ ನಗು ಮತ್ತೆ ಕೇಳಿತು ಭಗವಂತನಿಗೆ. ಬೇರೆ ಯಾರಾದರೂ ಆಗಿದ್ದರೆ ಗೋಣಿ ಹರಿದು, ಬಿದಿರು ಮುರಿದು, ಊರು ಸೇರುವ ಹಾಗೆ ಕೂಗುತ್ತಿದ್ದ. ಕೂಗಲಿಲ್ಲ. ಉಳಿ-ಸುತ್ತಿಗೆ ಚೀಲಕ್ಕೆ ಹಾಕಿಕೊಂಡ.

“ಖರೇ ಅದ ಮೇಡಮ್ಮೋರೇ. ಕಂಬ ನಿಮ್ಮದು. ಸಾಲಿನೂ ನಿಮ್ಮದು.”

ಹೊರಟವನು ಆ ಸಿಟ್ಟಿನಲ್ಲೂ ಬಿದಿರಿನ ಚೌಕಟ್ಟನ್ನು ಸುತ್ತು ಹಾಕಿಯೇ ಹೋದ, ಕಂಬಕ್ಕೆ ಧಕ್ಕೆಯಾಗದಂತೆ.

*

ಮರುದಿನ ಅವನು ದಂಡೋತಿಗೆ ಹೋಗದೆ ಶಹಾಬಾದಿನ ತನ್ನ ಹಳೇ ಫರಸಿ ಪಾಲಿಶ್ ಕಾರ್ಖಾನೆಗೆ ಮರಳಿದ. ಮಷೀನು ಗರಗರ ತಿರುಗುತ್ತಿತ್ತು, ಬೂದು ಕೆಸರು ಮೊಣಕಾಲವರೆಗೆ ಹಾರುತ್ತಿತ್ತು. ಅವನು ಫರಸಿಯನ್ನು ತಿಕ್ಕಿದ್ದಲ್ಲ, ಶಿಕ್ಷೆ ಕೊಟ್ಟದ್ದು.

ಮೂರನೇ ದಿನ ಮಷೀನು ತಾನಾಗಿ ನಿಂತಿತು. ತಿರುಗಿ ನೋಡಿದರೆ ಬಟನ್ನಿನ ಮೇಲೆ ಅವಳ ಬೆರಳಿತ್ತು.

“ಯಾರಿಗೆ ಕೇಳಿ ಬಂದ್ ಮಾಡಿದ್ರಿ?”

“ಮಷೀನಿಗೆ ಕೇಳಿ. ಮಾತಾಡೋದದ ಅಂದೆ, ನಿಂತಿತು. ನಿಮ್ಮಷ್ಟು ಹಟ ಇಲ್ಲ ಅದಕ್ಕ.”

ಅವನು ನಗಲಿಲ್ಲ. “ಸಾರಿ ಕೇಳ್ಲಿಕ್ಕ ಬಂದೀರೇನು?”

“ಮದಲು ಅದಕ್ಕ.” ಅವಳು ಕೆಸರಿನಲ್ಲೇ ಇನ್ನೊಂದು ಹೆಜ್ಜೆ ಮುಂದೆ ಬಂದಳು. ಚಪ್ಪಲಿ ಹೂತುಹೋಯಿತು. “ನಮ್ಮಣ್ಣ ಎಂಟನೇ ಇಯತ್ತೆಕ್ಕ ಸಾಲಿ ಬಿಟ್ಟ. ಇಬ್ಬರಿಗೆ ಪುಸ್ತಕ ತರೋದಾಗಂಗಿಲ್ಲ, ತಂಗಿ ಕಲೀಲಿ ಅಂತ. ಈಗ ವಾಡಿ ಸ್ಟೇಶನ್ನಿನ್ಯಾಗ ಹಮಾಲಿ ಮಾಡ್ತಾನ. ಆ ಮಾತು ನಿಮಗ ಅಂದು ಮನಿಗೆ ಹೋದೆ, ಅವ ನನಗ ತಾಟು ಹಚ್ಚಿ ಕೊಟ್ಟ. ಊಟ ಇಳೀ‍ಲಿಲ್ಲ. ಅವಂಗೇ ಅಂದಂಗಾಗಿತ್ತು.”

ಭಗವಂತ ಸಿಟ್ಟನ್ನು ಹಿಡಿದುಕೊಳ್ಳಲು ನೋಡಿದ. ಅದು ಹಸಿ ಸೋಪಿನಂತೆ ಕೈಯಿಂದ ಜಾರುತ್ತಿತ್ತು.

“ಎರಡನೇದು ಇದು.” ಚೀಲದಿಂದ ಕಪ್ಪು ಹಾಳೆ ತೆಗೆದಳು. ಅದರ ಮೇಲೆ ಎರಡು ಸಾಲು ಪಾರದರ್ಶಕ ಟೇಪು. “ಕಂಬಕ್ಕ ಟೇಪ್ ಅಂಟಿಸಿ ಕಿತ್ತೀನಿ. ಕಲ್ಲು ಬಲ ಇರದಿದ್ರ ಪುಡಿ ಟೇಪಿಗೆ ಬರ್ತದ. ನೋಡ್ರಿ.”

ಮೇಲಿನ ಸಾಲು ಹಿಟ್ಟು ಮೆತ್ತಿದಷ್ಟು ಬೆಳ್ಳಗಿತ್ತು. ಕೆಳಗಿನದರ ಹಿಂದೆ ಹಾಳೆಯ ಕಪ್ಪು ಹಾಗೇ ಕಾಣುತ್ತಿತ್ತು.

“ಮ್ಯಾಲಿಂದು ಏಳನೇ ಕಂಬ,” ಎಂದ ಕುಗ್ಗಿದ ದನಿಯಲ್ಲಿ. “ನಾ ಕೆಡಸಿದ್ದು.”

“ಮ್ಯಾಲಿಂದು ನಾಲ್ಕನೇದು. ನಾ ಮುಟ್ಟಬ್ಯಾಡ್ರಿ ಅಂತ ಬಿಟ್ಟಿದ್ದು. ಕೆಳಗಿಂದು ಏಳನೇದು.”

“ಅದಲಿ ಬದಲಿ ಮಾಡೀರಿ.”

“ಹದಿನೆಂಟು ಸಲ ಅಂಟಿಸಿ ನೋಡೀನಿ, ಭಗವಂತ.” ಮೊದಲ ಸಲ ಬರೀ ಹೆಸರು ಕರೆದಳು. “ಲ್ಯಾಬಿನ್ಯಾಗ ಕಲ್ಲಿನ ಚೂರು ಗಾಜಿನ ಪೆಟ್ಟಿಗ್ಯಾಗ ಇಡ್ತೀವಿ. ಆ ಪೆಟ್ಟಿಗ್ಯಾಗ ಒಂದು ಬಟ್ಟಲ ನೀರು ಇರ್ತದ. ನಾ ಸೇರೋ ಮುಂಚಿಂದ ಅದ. ಖಾಲಿ ಆದ್ರ ತುಂಬಸ್ತಿದ್ದೆ, ಅಷ್ಟ. ಸುಣ್ಣ ಗಾಳಿ ಕುಡದು ಕಲ್ಲಾಗ್ಬೇಕಂದ್ರ ಗಾಳಿಯೊಳಗ ಹಸಿ ಇರ್ಬೇಕು. ನೀರು ಮೈಗೆ ತಾಕಬಾರದು, ಗಾಳಿ ಮಾತ್ರ ಹಸಿ ಇರ್ಬೇಕು. ಈ ಬಿಸಲಾಗ ಹಸಿ ಎಲ್ಲಿಂದ ಬರ್ಬೇಕು? ನಾಲ್ಕು ವರ್ಷ ಬಟ್ಟಲ ತುಂಬಸೀನಿ, ತಲಿಗೆ ಹೊಳೀಲಿಲ್ಲ. ನೀವು ಒಂದೇ ದಿನದಾಗ ಕಟ್ಟಿಬಿಟ್ರಿ.”

“ನನಗೂ ಗೊತ್ತಿದ್ದಿಲ್ರಿ. ನಾ ಸುಮ್ಮ ಗಾರಿಗೆ ಕಟ್ಟಿದಂಗ ಕಟ್ಟಿದೆ.”

“ಗೇಣು ದೂರ ಯಾಕ ಕಟ್ಟಿದ್ರಿ ಮತ್ತ?”

“ಮುಟ್ಟಬ್ಯಾಡ್ರಿ ಅಂದಿದ್ರಲ್ಲ ನೀವು.”

ಅವಳು ತುಟಿ ಕಚ್ಚಿಕೊಂಡಳು. ನೋಟಬುಕ್ಕು ತೆಗೆದು, ರಾಶಿ ಹಾಕಿದ್ದ ಫರಸಿಯ ಮೇಲೆ ಕೂತಳು. “ಹೇಳ್ರಿ. ಎಷ್ಟು ನೀರು, ಎಷ್ಟು ಸಲ, ಎಲ್ಲಾ.”

ಅವನು ಹೇಳಿದ. ಬೆಳಿಗ್ಗೆ ಎರಡು ಕೊಡ, ಮಧ್ಯಾಹ್ನ ಮೂರು, ಸಂಜೆ ಎರಡು. ಅವಳು ಬರೆದಳು. ಗೇಣು ಎಂದಾಗ ಪೆನ್ನು ನಿಂತಿತು. “ಗೇಣು ಅಂದ್ರ ಎಷ್ಟು? ಕೈ ಚಾಚ್ರಿ.”

ಕೆಸರು ಮೆತ್ತಿದ ಕೈಯನ್ನು ಅವನು ಅಂಗಿಗೆ ಒರೆಸಿ ಚಾಚಿದ. ಅವಳು ಹೆಬ್ಬೆರಳಿನಿಂದ ಕಿರುಬೆರಳವರೆಗೆ ಪಟ್ಟಿ ಹಿಡಿದು ಅಳೆದಳು. ಒಮ್ಮೆ ಅಳೆದರೆ ಸಾಕಿತ್ತು. ಮೂರು ಸಲ ಅಳೆದಳು.

“ಇಪ್ಪತ್ಮೂರು ಸೆಂಟಿಮೀಟರ್,” ಎಂದು ಬರೆದು, ಪುಟದ ನೆತ್ತಿಯನ್ನು ಅವನತ್ತ ತಿರುಗಿಸಿದಳು. ಅಲ್ಲಿ ಮೊದಲೇ ಬರೆದಿತ್ತು: ಹಸಿ ಗೋಣಿಯ ವಿಧಾನ, ಮಾಡಿದವರು ಭಗವಂತ, ಶಹಾಬಾದ್. ಕೂಲಿ ಹಾಳೆ ಬಿಟ್ಟು ಬೇರೆಲ್ಲೂ ತನ್ನ ಹೆಸರನ್ನು ಯಾರೂ ಬರೆದದ್ದನ್ನು ಅವನು ನೋಡಿರಲಿಲ್ಲ. ಬಹಳ ಹೊತ್ತು ಓದಿದ, ಅಷ್ಟು ಚಿಕ್ಕ ಸಾಲನ್ನು.

ಊಟದ ಹೊತ್ತಾಗಿತ್ತು. ಮನೆಗೆ ಕರೆದುಕೊಂಡು ಹೋದ. ಲಾಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹುಡುಗಿಯನ್ನು ನೋಡಿದಳು, ಅವಳ ಬೆರಳಿಗೆ ಹತ್ತಿದ್ದ ಸೀಮೆಸುಣ್ಣವನ್ನು ನೋಡಿದಳು, ಮಗನನ್ನು ನೋಡಿದಳು.

“ಈಕೀನೇನೋ ಅಂಗೀಗಿ ದುಂಡು ಬರದಾಕಿ?”

“ಯವ್ವ!”

“ಒಂದು ತಿಂಗಳಾಯ್ತು ತಾಯಿ, ಅಂಗಿ ಒಗೀಲಿಕ್ಕ ಕೊಡವಲ್ಲ. ನೀನಾರ ಹೇಳು.”

ಸಂಘಮಿತ್ರಾ ತಲೆ ಬಗ್ಗಿಸಿ ರೊಟ್ಟಿ ಮುರಿದಳು. ಕಿವಿ ಮಾತ್ರ ಕೆಂಪಾಗಿದ್ದು ಕಾಣುತ್ತಿತ್ತು.

*

ಸೋಮವಾರ ಇಂಜಿನಿಯರ್ ಸಾಹೇಬರು ಬಂದರು, ಹಿಂದೆ ಗುತ್ತೇದಾರ. ಸಾಹೇಬರು ಜೀಪಿನ ಕೀಲಿಕೈ ತೆಗೆದು ನಾಲ್ಕನೇ ಕಂಬವನ್ನು ಕೆರೆದರು. ಬೆರಳು ಹೋಗುವಷ್ಟು ತಗ್ಗು ಬಿತ್ತು. ಗುತ್ತೇದಾರ ಸಿಮೆಂಟಿನ ಚೀಲಗಳತ್ತ ನೋಡಿ ಮೀಸೆಯೊಳಗೆ ನಕ್ಕ. ಸಂಘಮಿತ್ರಾಳ ಕೈ ಓಢಣಿಯ ತುದಿಯನ್ನು ಹಿಂಡುತ್ತಿತ್ತು.

ಏಳನೇ ಕಂಬ. ಕೀಲಿಕೈ ಕಿರ್ ಎಂದು ಜಾರಿತು. ಸಾಹೇಬರು ಒತ್ತಿ ಕೆರೆದರು. ಮತ್ತೆ ಜಾರಿತು. ಕಲ್ಲಿನ ಮೇಲೆ ಉಳಿದದ್ದು ಹಿತ್ತಾಳೆಯ ಸಣ್ಣ ಮಿಂಚು, ಅಷ್ಟೇ.

“ಇದಕ್ಕ ಬ್ಯಾರೆ ಔಷಧನೇನಮ್ಮ?”

“ಎರಡಕ್ಕೂ ಒಂದೇ ಔಷಧ ಸರ್. ಇದಕ್ಕ ಹಸಿ ಗೋಣಿ ಕಟ್ಟಿದ್ರು. ಇವರು.”

ಸಾಹೇಬರು ಭಗವಂತನನ್ನು ಮೇಲಿಂದ ಕೆಳಗೆ ನೋಡಿದರು. “ಯಾವ ಕಾಲೇಜಪ್ಪ ನಿಂದು?”

ಹಳೇ ಸಿಟ್ಟು ತಲೆಯೆತ್ತಿತು. ಸಂಘಮಿತ್ರಾ ಅವನನ್ನೇ ನೋಡುತ್ತಿದ್ದಳು. ಅವಳ ಎಡಹುಬ್ಬಿನ ಮೇಲೆ ಅಂದಿನಂತೆಯೇ ಪುಡಿ ಕೂತಿತ್ತು.

“ಶಹಾಬಾದಿನ ಫರಸಿ ಕಾರ್ಖಾನಿ ಸಾಹೇಬ್ರ. ಹದಿಮೂರು ವರ್ಷದ ಕೋರ್ಸು.”

ಸಾಹೇಬರು ಜೋರಾಗಿ ನಕ್ಕರು. ಆ ನಗುವಿನಲ್ಲಿ ಚುಚ್ಚು ಇರಲಿಲ್ಲ. “ಸಿಮೆಂಟ್ ಎತ್ತಸ್ರಿ,” ಎಂದರು ಗುತ್ತೇದಾರನಿಗೆ. “ಮಳಿ ಹಿಡಿಯೋದರೊಳಗ ಹನ್ನೆರಡೂ ಕಂಬಕ್ಕ ಗೋಣಿ ಬೀಳ್ಬೇಕು.”

ಬೇವಿನ ಕೆಳಗಿಂದ ಅಖ್ತರ ಬೇಗಂ ಕೂಗಿದಳು: “ಅಷ್ಟು ಜ್ವಾಳದ ಚೀಲ ನನ್ನತ್ರ ಇಲ್ಲ ಸಾಬ್!”

ಜೀಪು ಹೋಯಿತು. ಧೂಳು ಇಳಿಯಿತು. ಸಂಘಮಿತ್ರಾ ಅವನ ಹೆಬ್ಬೆರಳು ಹಿಡಿದು, ಉಗುರನ್ನು ಏಳನೇ ಕಂಬಕ್ಕೆ ಒತ್ತಿ ಎಳೆದಳು. ಗೆರೆ ಬೀಳಲಿಲ್ಲ. ಈ ಸಲ ಕೈ ಬಿಡಲೂ ಇಲ್ಲ.

“ಇನ್ನ ಇದರ ಮ್ಯಾಲ ಯಾರೂ ಹೆಸರು ಬರೀಲಿಕ್ಕಾಗಂಗಿಲ್ಲ,” ಎಂದಳು.

“ಬರೀಬಾರದು. ನಾ ಬಿಡಂಗಿಲ್ಲ.” ಕಲ್ಲಿನ ಜೊತೆ ಆಡಿದಷ್ಟು ಸಲೀಸಾಗಿ ಮನುಷ್ಯರ ಜೊತೆ ಮಾತು ಬರುತ್ತಿರಲಿಲ್ಲ ಅವನಿಗೆ. “ಆ ಟವೆಲ್ ಗಾಳಿಗೆ ಹಾರಿ ಬೀಳ್ತಿದ್ದಿಲ್ರಿ.”

“ಗೊತ್ತದ.”

“ಹನ್ನೆರಡು ಕಂಬ ಮುಗದ ಮ್ಯಾಲ ನೀವು ಗುಲಬರ್ಗಾಕ್ಕ ಹೋಗ್ತೀರಿ.”

“ಹೋಗ್ತೀನಿ. ಬರೀಬೇಕಲ್ಲ ಎಲ್ಲಾ.”

“ಆಮ್ಯಾಲೂ ಸೀಟು ಹಿಡೀಲೇನು? ಎಲ್ಲಿಗೆ ಹೋಗೋ ಬಸ್ಸಾದ್ರೂ ಸೈ.”

ಅವಳು ಅವನ ಜೇಬಿನ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಂಬಕ್ಕೆ ಹಚ್ಚುವಂತೆ ಕಿವಿ ಹಚ್ಚಿದಳು. ಅದೇ ಅಂಗಿ. ದುಂಡು ಮಸುಕಾಗಿತ್ತು, ಹೋಗಿರಲಿಲ್ಲ. ಒಳಗೆ ಎದೆ ಹೊಡೆದುಕೊಳ್ಳುತ್ತಿದ್ದ ರಭಸಕ್ಕೆ ಬೇವಿನ ಕೆಳಗಿನ ಮುದುಕಿಗೂ ಕೇಳಿರಬೇಕು ಎನ್ನಿಸಿತು ಅವನಿಗೆ.

“ಹೋಗೋವಾಗ ನೀ ಹಿಡಿ,” ಎಂದಳು, ಕಿವಿ ತೆಗೆಯದೆಯೇ. “ಬರೋವಾಗ ನಾ ಹಿಡೀತೀನಿ.”

“ಏನಂತದ ಮಿತ್ರಾ, ಒಳಗ?”

“ಠಣ್ ಅಂತದ.”

ತನ್ನ ಚೀಲದಿಂದ ಸೀಮೆಸುಣ್ಣ ತೆಗೆದು, ಹಳೇ ದುಂಡಿನ ಮೇಲೆ ಅಡ್ಡಗೆರೆ ಎಳೆಯತೊಡಗಿದಳು. ಮೆಲ್ಲಗೆ, ಈ ತುದಿಯಿಂದ ಆ ತುದಿಯವರೆಗೆ. ಭಗವಂತ ಉಸಿರು ಹಿಡಿದು ನಿಂತ. ಗುರುತು ಹಾಕುವಾಗ ಕಲ್ಲು ಅಲುಗಬಾರದು.